ಓದುಗರ ಪ್ರಶ್ನೆ, ನಮ್ಮ ಉತ್ತರ: ಬೈಕಿನ ವಿಂಡ್‌ಶೀಲ್ಡ್ ಅಕ್ರಿಲಿಕ್ಕಿನದೋ, ಪಾಲಿಕಾರ್ಬೊನೇಟಿನದೋ?

ಈ ಸಲ ಬಂದ ಪತ್ರಗಳಲ್ಲಿ ಆರು ಪತ್ರಗಳು ಒಂದೇ ವಸ್ತುವಿನ ಸುತ್ತ ಇದ್ದವು. ಒಂದರ ಉತ್ತರ ಇನ್ನೊಂದಕ್ಕೂ ಒದಗುವಂತಿರುವುದರಿಂದ ಅವನ್ನೆಲ್ಲ ಒಟ್ಟಿಗೆ ಇಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಕಲಬುರಗಿಯಲ್ಲಿ ಔಷಧ ಕಂಪನಿಯೊಂದರ ಮಾರಾಟ ಪ್ರತಿನಿಧಿ. ವಾರಕ್ಕೆ ಎರಡು ಸಲ ಹುಮನಾಬಾದ್ ಮಾರ್ಗವಾಗಿ ಬೀದರಿಗೂ ಒಂದು ಸಲ ಶಹಾಬಾದ್, ವಾಡಿ ಕಡೆಗೂ ನನ್ನ 350 ಸಿಸಿ ಬೈಕಿನಲ್ಲೇ ಹೋಗಿ ಬರುತ್ತೇನೆ. ದಾರಿಯುದ್ದಕ್ಕೂ ಗಾಳಿ ಎದೆಗೆ ಬಡಿದು, ರಾತ್ರಿ ಮನೆ ಮುಟ್ಟುವಷ್ಟರಲ್ಲಿ ಮೈ ಹಣ್ಣಾಗಿರುತ್ತದೆ. ಮುಂದೆ ಒಂದು ವಿಂಡ್‌ಶೀಲ್ಡ್ ಹಾಕಿಸೋಣವೆಂದು ಸೂಪರ್ ಮಾರ್ಕೆಟ್ ಹತ್ತಿರದ ಅಂಗಡಿಗೆ ಹೋದರೆ, ಅವರು ಎರಡು ತೋರಿಸಿದರು. ಒಂದು ಅಕ್ರಿಲಿಕ್, ಇನ್ನೊಂದು ಪಾಲಿಕಾರ್ಬೊನೇಟ್. ಎರಡನೆಯದರ ಬೆಲೆ ಮೊದಲನೆಯದರ ಹತ್ತಿರ ಹತ್ತಿರ ಎರಡರಷ್ಟು. ವ್ಯತ್ಯಾಸವೇನೆಂದು ಕೇಳಿದ್ದಕ್ಕೆ, ‘ಎರಡೂ ಫೈಬರೇ ಅದಾವ್ರಿ ಸರ, ಒಡಿಯಂಗಿಲ್ಲ, ಯಾವುದರ ಒಂದು ತಗೊಂಡ್ ಹೋಗ್ರಿ’ ಎಂದರು. ಕಣ್ಣಿಗಂತೂ ಎರಡೂ ಒಂದೇ ತರಹ ಕಾಣುತ್ತವೆ. ಯಾವುದನ್ನು ಕೊಳ್ಳಲಿ?
— ಓದುಗರು, ಕಲಬುರಗಿ

ಉತ್ತರ: ನಿಮ್ಮ ದಾರಿಗೆ ಪಾಲಿಕಾರ್ಬೊನೇಟೇ ತಕ್ಕದ್ದು, ಆದರೆ ಅದರ ಮೇಲೆ ಗಟ್ಟಿ ಲೇಪನ, ಅಂದರೆ ಅಂಗಡಿಯವರು ಹಾರ್ಡ್ ಕೋಟ್ ಎನ್ನುವುದು, ಇರಲೇಬೇಕು. ಲೇಪನವಿಲ್ಲದ ಪಾಲಿಕಾರ್ಬೊನೇಟನ್ನು ಎರಡರಷ್ಟು ಬೆಲೆಗೆ ತೋರಿಸುತ್ತಿದ್ದರೆ ಅದನ್ನು ಅಲ್ಲೇ ಬಿಟ್ಟು ಅಕ್ರಿಲಿಕ್ಕನ್ನೇ ತನ್ನಿ. ಅಂಗಡಿಯವರ ‘ಫೈಬರ್’ ಎಂಬ ಮಾತನ್ನು ಮಾತ್ರ ನಂಬಬೇಡಿ. ಫೈಬರ್ ಎಂದರೆ ಗಾಜಿನ ಎಳೆಗಳನ್ನು ಅಂಟಿನಲ್ಲಿ ಕೂಡಿಸಿ ಮಾಡಿದ ವಸ್ತು. ನಿಮಗೆ ತೋರಿಸಿದ ಎರಡರಲ್ಲಿಯೂ ಎಳೆಯೇ ಇಲ್ಲ. ಎರಡೂ ಪಾರದರ್ಶಕ ಪ್ಲಾಸ್ಟಿಕ್, ಆದರೆ ಗುಣದಲ್ಲಿ ಒಂದಕ್ಕೊಂದು ಎದುರುಬದುರು.

ಅಕ್ರಿಲಿಕ್ಕಿನ ರಾಸಾಯನಿಕ ಹೆಸರು ಪಾಲಿಮೀಥೈಲ್ ಮೆಥಾಕ್ರಿಲೇಟ್. 1930ರ ದಶಕದಲ್ಲಿ ಜರ್ಮನಿಯಲ್ಲಿ ಪ್ಲೆಕ್ಸಿಗ್ಲಾಸ್, ಇಂಗ್ಲೆಂಡಿನಲ್ಲಿ ಪರ್ಸ್‌ಪೆಕ್ಸ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದದ್ದು ಇದೇ. ಬಿದ್ದ ಬೆಳಕಿನಲ್ಲಿ ಶೇಕಡ 92ರಷ್ಟನ್ನು ಇದು ಆಚೆಗೆ ಬಿಡುತ್ತದೆ, ಪಾಲಿಕಾರ್ಬೊನೇಟ್ ಬಿಡುವುದು ಶೇಕಡ 88ರಿಂದ 90. ಈ ಅಂತರ ರಸ್ತೆಯ ಮೇಲೆ ಕಣ್ಣಿಗೆ ಗೊತ್ತಾಗುವಂಥದ್ದಲ್ಲ. ಗೊತ್ತಾಗುವುದು ಮೇಲ್ಮೈಯ ಗಟ್ಟಿತನ ಮತ್ತು ಬಿಸಿಲನ್ನು ತಡೆಯುವ ಗುಣ. ಅಕ್ರಿಲಿಕ್ಕಿನ ಮೈ ಪಾಲಿಕಾರ್ಬೊನೇಟಿನ ಮೈಗಿಂತ ಗಡುಸು, ಬೇಗ ಗೀರು ಬೀಳುವುದಿಲ್ಲ, ಬಿದ್ದರೂ ಉಜ್ಜಿ ತೆಗೆಯಬಹುದು. ಸೂರ್ಯನ ಅತಿನೇರಳೆ ಕಿರಣಗಳು ಅದನ್ನು ಸುಲಭಕ್ಕೆ ಹಳದಿ ಮಾಡುವುದಿಲ್ಲ, ಆದ್ದರಿಂದ ಮೇಲೆ ಯಾವ ಲೇಪನವೂ ಇಲ್ಲದೆ ವರ್ಷಗಟ್ಟಲೆ ಬಿಸಿಲಿನಲ್ಲಿ ನಿಲ್ಲಬಲ್ಲದು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಇದು ಸಣ್ಣ ಗುಣವಲ್ಲ.

ಇದರ ಸಾಕ್ಷಿಯನ್ನು ಯಾವುದೇ ಹಳೆಯ ಕಾರಿನ ಹಿಂದೆ ಮುಂದೆ ನಿಂತು ನೋಡಬಹುದು. ಏಳೆಂಟು ವರ್ಷ ಬಯಲಿನಲ್ಲೇ ನಿಂತ ಕಾರಿನ ಮುಂದಿನ ಹೆಡ್‌ಲೈಟ್ ಮುಚ್ಚಳ ಮುದುಕರ ಕಣ್ಣಿನಂತೆ ಮಂಜಾಗಿ ಹಳದಿಗಟ್ಟಿರುತ್ತದೆ. ಅದೇ ಕಾರಿನ ಹಿಂದಿನ ಕೆಂಪು ದೀಪದ ಮುಚ್ಚಳ ಮಾತ್ರ ಹೊಸದರಂತೆಯೇ ಹೊಳೆಯುತ್ತಿರುತ್ತದೆ. ಮುಂದಿನದು ಪಾಲಿಕಾರ್ಬೊನೇಟ್, ಹಿಂದಿನದು ಸಾಮಾನ್ಯವಾಗಿ ಅಕ್ರಿಲಿಕ್. ಮುಂದಿನದಕ್ಕೂ ಕಾರ್ಖಾನೆಯಲ್ಲಿ ಲೇಪನ ಹಾಕಿಯೇ ಕಳಿಸಿರುತ್ತಾರೆ. ಆ ಲೇಪನ ಸವೆದ ದಿನದಿಂದ ಹಳದಿ ಶುರುವಾಗುತ್ತದೆ.

ಹಾಗಿದ್ದರೆ ಹೆಡ್‌ಲೈಟಿಗೆ ಪಾಲಿಕಾರ್ಬೊನೇಟನ್ನೇ ಏಕೆ ಬಳಸುತ್ತಾರೆ? ಕಲ್ಲು ಬಡಿಯುವುದು ಮುಂದಿನಿಂದ, ಅದಕ್ಕೆ. ಅಕ್ರಿಲಿಕ್ ಗಾಜಿಗಿಂತ ಹತ್ತರಿಂದ ಹದಿನೇಳು ಪಟ್ಟು ಪೆಟ್ಟು ತಡೆಯುತ್ತದೆ, ಪಾಲಿಕಾರ್ಬೊನೇಟ್ ಸುಮಾರು 250 ಪಟ್ಟು ಎಂದು ಹಾಳೆ ತಯಾರಿಸುವವರು ಹೇಳುವುದು ವಾಡಿಕೆ. ದಪ್ಪ, ಆಕಾರ, ಪೆಟ್ಟಿನ ಬಗೆ ಬದಲಾದಂತೆ ಈ ಲೆಕ್ಕವೂ ಏರುಪೇರಾಗುತ್ತದೆಯಾದರೂ ಎರಡರ ನಡುವಿನ ಅಂತರ ದೊಡ್ಡದೆಂಬುದರಲ್ಲಿ ಅನುಮಾನವಿಲ್ಲ. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಷ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಡೇನಿಯಲ್ ಫಾಕ್ಸ್ ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕಂಡುಹಿಡಿದ ಈ ವಸ್ತು ಇವತ್ತು ಹೆಲ್ಮೆಟ್ಟಿನ ವೈಸರ್‌ನಲ್ಲಿಯೂ ವೆಲ್ಡಿಂಗ್, ಗ್ರೈಂಡಿಂಗ್ ಅಂಗಡಿಗಳ ರಕ್ಷಣಾ ಕನ್ನಡಕದಲ್ಲಿಯೂ ಇರುವುದು ಇದೇ ಕಾರಣಕ್ಕೆ. ಅಂಗಡಿಯಲ್ಲಿ ಲೆಕ್ಸಾನ್ ಎಂಬ ಹೆಸರು ಕಿವಿಗೆ ಬಿದ್ದರೆ, ಅದು ಪಾಲಿಕಾರ್ಬೊನೇಟಿನದೇ ಒಂದು ಮಾರಾಟದ ಹೆಸರು.

ಈಗ ನಿಮ್ಮ ದಾರಿಯನ್ನು ನೆನೆಯಿರಿ. ಶಹಾಬಾದಿನಿಂದ ಫರಸಿ ಕಲ್ಲು ಹೇರಿಕೊಂಡು ಬರುವ ಲಾರಿ, ಹುಮನಾಬಾದ್ ಕಡೆಯ ಜಲ್ಲಿ ಟಿಪ್ಪರು, ಇವುಗಳ ಜೋಡಿ ಟಯರಿನ ನಡುವೆ ಸಿಕ್ಕಿಕೊಂಡ ಒಂದು ಚೂರು ಹಿಂದಕ್ಕೆ ಚಿಮ್ಮಿತೆನ್ನಿ. ಚೂರಿನ ತೂಕ 10 ಗ್ರಾಂ, ಅದಕ್ಕೂ ನಿಮ್ಮ ಗಾಡಿಗೂ ನಡುವಿನ ವೇಗ ಗಂಟೆಗೆ 100 ಕಿ.ಮೀ. ಆದರೆ ಆ ಪೆಟ್ಟು ಸುಮಾರು 4 ಜೂಲ್. ಅಂದರೆ 400 ಗ್ರಾಂ ತೂಕದ ಬಟ್ಟನ್ನು ಒಂದು ಮೀಟರ್ ಎತ್ತರದಿಂದ ಬಿಟ್ಟಷ್ಟು. ಆ ಪೆಟ್ಟೆಲ್ಲ ಕಲ್ಲಿನ ಒಂದು ಚೂಪು ಮೂಲೆಯ ಮೇಲೆ ಕೂಡಿ ಬರುತ್ತದೆ. ವೇಗ ಅರ್ಧಕ್ಕಿಳಿದರೆ ಪೆಟ್ಟು ಕಾಲು ಭಾಗಕ್ಕೆ ಇಳಿಯುವುದರಿಂದ, ಊರೊಳಗೆ 40ರ ವೇಗದಲ್ಲಿ ಓಡಾಡುವವರು ಈ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ನಿಮಗೆ ಮಾತ್ರ ಅದು ಬೇಕು. ಇಂಥ ಪೆಟ್ಟಿಗೆ 3 ಮಿ.ಮೀ. ದಪ್ಪದ ಅಕ್ರಿಲಿಕ್ ಸೀಳು ಬಿಡಬಹುದು, ತುಂಡೂ ಹಾರಬಹುದು; ಪಾಲಿಕಾರ್ಬೊನೇಟ್ ಒಂದು ಕುಳಿ ಬಿದ್ದು ಸುಮ್ಮನಾಗುತ್ತದೆ. ಗಾಡಿ ಬಿದ್ದಾಗಲೂ ಇದೇ ಕಥೆ: ಒಂದು ಚೂಪು ಅಂಚಿನ ಚೂರುಗಳಾಗುತ್ತದೆ, ಇನ್ನೊಂದು ಬಾಗುತ್ತದೆ.

ಚೂರುಗಳ ಮಾತು ಬಂದಾಗ ಒಂದು ಸಂಗತಿ ನೆನಪಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಯುದ್ಧವಿಮಾನಗಳ ಅಕ್ರಿಲಿಕ್ ಮುಚ್ಚಳ ಗುಂಡೇಟಿಗೆ ಸಿಡಿದು, ಅದರ ಚೂರುಗಳು ಪೈಲಟ್‌ಗಳ ಕಣ್ಣಿನೊಳಗೆ ಸೇರಿಕೊಂಡಿದ್ದವು. ಆ ಚೂರುಗಳು ಒಳಗೇ ಇದ್ದರೂ ಕಣ್ಣು ಕೆರಳದಿರುವುದನ್ನು ಗಮನಿಸಿದ ವೈದ್ಯ ಹೆರಾಲ್ಡ್ ರಿಡ್ಲಿ, 1949ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಅದೇ ವಸ್ತುವಿನ ಲೆನ್ಸನ್ನು ಕಣ್ಪೊರೆಯ ರೋಗಿಯೊಬ್ಬರ ಕಣ್ಣಿನಲ್ಲಿ ಕೂಡಿಸಿದರು. ನಮ್ಮ ಮನೆಗಳಲ್ಲಿ ಮೋತಿಬಿಂದು ಆಪರೇಷನ್ ಆದ ಹಿರಿಯರಲ್ಲಿ ಎಷ್ಟೋ ಜನ ನೋಡುತ್ತಿರುವುದು ಈ ಅಕ್ರಿಲಿಕ್ ಕುಲದ ಲೆನ್ಸಿನ ಮೂಲಕವೇ. ಕಣ್ಣಿಗೆ ಅಷ್ಟು ಒಗ್ಗಿದ ವಸ್ತುವಾದರೂ ಅದು ಅಲ್ಲಿಗೆ ಮೊದಲು ಹೋದದ್ದು ಸಿಡಿದು ಚೂರಾಗಿಯೇ ಎಂಬುದನ್ನು ವಿಂಡ್‌ಶೀಲ್ಡ್ ಕೊಳ್ಳುವವರು ಮರೆಯದಿರುವುದು ಒಳ್ಳೆಯದು. ಆದ್ದರಿಂದ ವಿಂಡ್‌ಶೀಲ್ಡ್ ಯಾವುದೇ ಇರಲಿ, ಹೆಲ್ಮೆಟ್ಟಿನ ವೈಸರನ್ನು ಮೇಲಕ್ಕೆತ್ತಿಕೊಂಡು ಹೋಗಬೇಡಿ.

ಪಾಲಿಕಾರ್ಬೊನೇಟಿನ ದೌರ್ಬಲ್ಯ ಅದರ ಮೆದು ಮೈ. ಲೇಪನವಿಲ್ಲದ ಹಾಳೆಯ ಮೇಲೆ ಧೂಳು ಕೂತಿರುವಾಗ ಅಂಗಿಯ ತೋಳಿನಿಂದ ಒಮ್ಮೆ ಒರೆಸಿದರೂ ಜೇಡರ ಬಲೆಯಂಥ ಗೀರು ಮೂಡುತ್ತದೆ. ಇದನ್ನು ತಡೆಯಲು ಒಳ್ಳೆಯ ತಯಾರಕರು ಸಿಲಿಕೋನ್ ಜಾತಿಯ ಲೇಪನವನ್ನು ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ದಪ್ಪದಲ್ಲಿ ಹಾಕಿ ಒಲೆಯಲ್ಲಿ ಗಟ್ಟಿ ಮಾಡುತ್ತಾರೆ. ಅತಿನೇರಳೆ ಕಿರಣ ತಡೆಯುವ ಅಂಶವನ್ನೂ ಅದರಲ್ಲೋ ಅದರ ಕೆಳಗಿನ ಪದರದಲ್ಲೋ ಸೇರಿಸಿರುತ್ತಾರೆ. ಬೆಲೆ ಎರಡರಷ್ಟಾಗುವುದಕ್ಕೆ ಮುಖ್ಯ ಕಾರಣ ಈ ಲೇಪನವೇ. ಆದ್ದರಿಂದ ಅಂಗಡಿಯಲ್ಲಿ ನೀವು ಮೊದಲು ಕೇಳಬೇಕಾದದ್ದು ‘ಹಾರ್ಡ್ ಕೋಟ್ ಅದನೋ ಇಲ್ಲೋ, ಎರಡೂ ಬದಿಗೆ ಅದನೋ’ ಎಂಬುದನ್ನು. ಬಾಯಿಮಾತಿಗೆ ಬಿಡದೆ ಡಬ್ಬದ ಮೇಲೆ ಮುದ್ರಿಸಿದ್ದನ್ನು ತೋರಿಸಲು ಹೇಳಿ. ಇವೆರಡರ ನಡುವಿನ ಮೂರನೆಯ ಬಗೆಯೊಂದೂ ಇದೆ: ರಬ್ಬರಿನ ಸೂಕ್ಷ್ಮ ಕಣಗಳನ್ನು ಬೆರೆಸಿ ಪೆಟ್ಟು ತಡೆಯುವಂತೆ ಮಾಡಿದ ಅಕ್ರಿಲಿಕ್. ಹೈ ಇಂಪ್ಯಾಕ್ಟ್ ಅಕ್ರಿಲಿಕ್ ಎಂದು ಬರೆದಿದ್ದರೆ ಅದು ಸಾದಾ ಅಕ್ರಿಲಿಕ್ಕಿಗಿಂತ ಮೇಲು, ಪಾಲಿಕಾರ್ಬೊನೇಟಿಗಿಂತ ಕೆಳಗೆ.

ಗೀರಿನ ವಿಚಾರವನ್ನು ಇಷ್ಟು ಹಿಗ್ಗಿಸಿ ಹೇಳುತ್ತಿರುವುದು ನಿಮ್ಮ ದಾರಿಯ ದಿಕ್ಕನ್ನು ನೋಡಿ. ಬೀದರ್ ನಮಗೆ ಈಶಾನ್ಯಕ್ಕಿದೆ. ಬೆಳಗ್ಗೆ ಹೊರಟರೆ ಏಳುವ ಸೂರ್ಯ ಮುಖಕ್ಕೆ, ಸಂಜೆ ಮರಳುವಾಗ ಮುಳುಗುವ ಸೂರ್ಯ ಮುಖಕ್ಕೆ. ಹಗಲು ನೆತ್ತಿಯ ಮೇಲೆ ಸೂರ್ಯನಿದ್ದಾಗ ಕಾಣದ ಗೀರುಗಳೆಲ್ಲ ಓರೆ ಬಿಸಿಲಿಗೆ ಒಮ್ಮೆಲೇ ಹೊತ್ತಿಕೊಂಡು, ಎದುರಿನ ರಸ್ತೆಯ ಬದಲು ಬೆಳಕಿನ ಒಂದು ಪರದೆಯೇ ಕಾಣುತ್ತದೆ. ರಾತ್ರಿ ಎದುರು ಲಾರಿಯ ದೀಪಕ್ಕೂ ಹಾಗೆಯೇ. ಇದಕ್ಕೆ ಯಾವ ಪ್ಲಾಸ್ಟಿಕ್ಕಿಗಿಂತಲೂ ಮೇಲಾದ ಉಪಾಯ ಎತ್ತರವನ್ನು ಸರಿಯಾಗಿ ಹಿಡಿಯುವುದು. ಗಾಡಿಯ ಮೇಲೆ ನೀವು ಎಂದಿನಂತೆ ಕುಳಿತಾಗ ವಿಂಡ್‌ಶೀಲ್ಡಿನ ಮೇಲಂಚು ನಿಮ್ಮ ಮೂಗಿನ ಮಟ್ಟಕ್ಕೆ ಬರಬೇಕು. ಆಗ ಗಾಳಿ ಅಂಚಿನಿಂದ ಮೇಲಕ್ಕೆ ಹಾರಿ ಹೆಲ್ಮೆಟ್ಟಿನ ನೆತ್ತಿ ದಾಟುತ್ತದೆ, ಕಣ್ಣು ಮಾತ್ರ ಅಂಚಿನ ಮೇಲಿನಿಂದ ನೇರವಾಗಿ ರಸ್ತೆಯನ್ನು ನೋಡುತ್ತದೆ. ಅಂಗಡಿಗೆ ಹೋಗುವಾಗ ಒಬ್ಬ ಗೆಳೆಯರನ್ನು ಕರೆದೊಯ್ದು, ಪಕ್ಕದಲ್ಲಿ ನಿಂತು ಈ ಮಟ್ಟವನ್ನು ನೋಡಲು ಹೇಳಿ. ವಿಂಡ್‌ಶೀಲ್ಡಿನ ಮೂಲಕವೇ ನೋಡುತ್ತ ಗಾಡಿ ಓಡಿಸುವಷ್ಟು ಎತ್ತರದ್ದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಹ್ಯಾಂಡಲ್ಲಿಗೆ ಕಟ್ಟುವ ದೊಡ್ಡ ವಿಂಡ್‌ಶೀಲ್ಡ್ ಲಾರಿ ಹಾದುಹೋಗುವಾಗಿನ ಅಡ್ಡಗಾಳಿಯನ್ನು ಹಿಡಿದು ಹ್ಯಾಂಡಲ್ಲನ್ನೇ ಅಲುಗಿಸುತ್ತದೆ ಎಂಬುದು ಅದಕ್ಕೆ ಇನ್ನೊಂದು ಕಾರಣ.

ಪ್ರಶ್ನೆ: ನಮ್ಮದು ಶಹಾಬಾದ್. ಕಲ್ಲಿನ ಪಾಲಿಷ್ ಕಾರ್ಖಾನೆಗಳ ನಡುವೆ ಮನೆ. ವಿಂಡ್‌ಶೀಲ್ಡನ್ನು ದಿನಾ ಒರೆಸುತ್ತೇನೆ, ಆದರೂ ಆರು ತಿಂಗಳಲ್ಲೇ ಮಂಜಾಗಿದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಸರಿಯಾಗುತ್ತದೆ ಎನ್ನುತ್ತಾರೆ, ನಿಜವೇ?
— ಓದುಗರು, ಶಹಾಬಾದ್

ಉತ್ತರ: ಮಂಜಾದದ್ದು ದಿನಾ ಒರೆಸಿದ್ದರಿಂದಲೇ. ಒಣ ಬಟ್ಟೆಯಲ್ಲಿ ಒರೆಸಿದಾಗ ಕಲ್ಲಿನ ಪುಡಿಯೂ ಅದರೊಂದಿಗೆ ಬೆರೆತ ರಸ್ತೆಯ ಮರಳೂ ಬಟ್ಟೆಗೂ ಪ್ಲಾಸ್ಟಿಕ್ಕಿಗೂ ನಡುವೆ ಸಿಕ್ಕಿ ಮರಳುಕಾಗದದ ಕೆಲಸ ಮಾಡುತ್ತವೆ. ಮರಳಿನ ಕಣ ಎರಡೂ ಪ್ಲಾಸ್ಟಿಕ್ಕಿಗಿಂತ ಎಷ್ಟೋ ಪಟ್ಟು ಗಟ್ಟಿ. ಫರಸಿಗೆ ಪಾಲಿಷ್ ಮಾಡುವವರ ನೆರೆಯಲ್ಲಿದ್ದೀರಿ. ಪುಡಿ ಹಾಕಿ ಉಜ್ಜಿದರೆ ಮೇಲ್ಮೈ ಏನಾಗುತ್ತದೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮೊದಲು ನೀರು ಸುರಿದು ಧೂಳನ್ನು ಇಳಿಸಬೇಕು, ಬಳಿಕ ಬಕೆಟ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೌಮ್ಯ ದ್ರವ ಹಾಕಿ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ಭಾರ ಹಾಕದೆ ಸವರಬೇಕು. ಹುಳುಗಳು ಬಡಿದು ಒಣಗಿದ್ದರೆ ಉಗುರಿನಿಂದ ಕೆರೆಯದೆ ಒದ್ದೆ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಹೊದಿಸಿಡಿ, ತಾವಾಗಿ ಬಿಡುತ್ತವೆ. ಸುಣ್ಣಕಲ್ಲಿನ ನೆಲದ ನಿಮ್ಮ ಬೋರ್‌ವೆಲ್ ನೀರು ಗಡಸು. ಅದು ಬಿಸಿಲಿನಲ್ಲಿ ತಾನೇ ಆರಿದರೆ ಬಿಳಿ ಚುಕ್ಕೆ ಉಳಿಯುತ್ತವೆ, ಆದ್ದರಿಂದ ನೆರಳಿನಲ್ಲಿ ತೊಳೆದು ಕೂಡಲೇ ಬೇರೆ ಬಟ್ಟೆಯಿಂದ ಒತ್ತಿ ನೀರು ಹೀರಿಸಿ. ವಾರಕ್ಕೆ ಎರಡು ಸಲ ಹೀಗೆ ತೊಳೆದರೆ ಸಾಕು, ಉಳಿದ ದಿನ ಮುಟ್ಟದಿರುವುದೇ ಲೇಸು.

ಟೂತ್‌ಪೇಸ್ಟಿನ ವಿಚಾರ: ನಿಮ್ಮದು ಲೇಪನವಿಲ್ಲದ ಅಕ್ರಿಲಿಕ್ ಆಗಿದ್ದರೆ, ಗೀರುಗಳು ಉಗುರಿಗೆ ತಾಗದಷ್ಟು ಸಣ್ಣವಾಗಿದ್ದರೆ, ಬಿಳಿ ಪೇಸ್ಟಿನಿಂದ ಸ್ವಲ್ಪ ಮಟ್ಟಿಗೆ ಹೋಗುತ್ತವೆ. ಅಕ್ರಿಲಿಕ್ಕಿಗೆಂದೇ ಮಾರುವ ಪಾಲಿಷ್ ಅದಕ್ಕಿಂತ ಒಳ್ಳೆಯದು. ಹಾರ್ಡ್ ಕೋಟ್ ಇರುವ ಪಾಲಿಕಾರ್ಬೊನೇಟಿಗೆ ಎರಡನ್ನೂ ಹಚ್ಚಬಾರದು. ಕೆಲವೇ ಮೈಕ್ರಾನ್ ದಪ್ಪದ ಲೇಪನವನ್ನು ನೀವೇ ಉಜ್ಜಿ ಕಳೆದಂತಾಗುತ್ತದೆ; ಅಲ್ಲಿಂದ ಮುಂದೆ ಹಳದಿ ಬರುವುದು ಕೆಲವು ಬೇಸಿಗೆಗಳ ಮಾತು. ಲೇಪನ ಸವೆದ ವಿಂಡ್‌ಶೀಲ್ಡನ್ನು ರಿಪೇರಿ ಮಾಡಲು ಬರುವುದಿಲ್ಲ, ಬದಲಿಸಬೇಕು.

ಪ್ರಶ್ನೆ: ನನ್ನ ಗಾಡಿಯ ವಿಂಡ್‌ಶೀಲ್ಡಿಗೆ ಏನೂ ಬಡಿದಿಲ್ಲ, ಗಾಡಿ ಬಿದ್ದೂ ಇಲ್ಲ. ಆದರೂ ಒಂದು ವರ್ಷದೊಳಗೆ ನಾಲ್ಕೂ ಬೋಲ್ಟಿನ ಸುತ್ತ ಸೀಳು ಬಿಟ್ಟಿದೆ. ಮಾರಿದವರು ‘ನೀವು ಎಲ್ಲೋ ಬಡಿಸಿದ್ದೀರಿ’ ಎನ್ನುತ್ತಾರೆ. ಬಿಸಿಲಿಗೆ ಹೀಗಾಗುತ್ತದೆಯೇ?
— ಓದುಗರು, ಯಾದಗಿರಿ

ಉತ್ತರ: ನಿಮ್ಮ ಮಾತನ್ನು ನಾನು ನಂಬುತ್ತೇನೆ, ಏಕೆಂದರೆ ನನ್ನ ಗಾಡಿಗೂ ಹೀಗೇ ಆಗಿತ್ತು. ಸರ್ವಿಸಿಂಗಿಗೆ ಬಿಟ್ಟಿದ್ದ ಗಾಡಿಯನ್ನು ಮರಳಿ ಕೊಡುವ ಮುಂಚೆ ಅಲ್ಲಿನ ಹುಡುಗ ಚೈನಿನ ಗ್ರೀಸು ಒರೆಸಿದ ಪೆಟ್ರೋಲ್ ಬಟ್ಟೆಯಿಂದಲೇ ವಿಂಡ್‌ಶೀಲ್ಡನ್ನೂ ಪ್ರೀತಿಯಿಂದ ಒರೆಸಿ ಫಳಫಳ ಹೊಳೆಯಿಸಿದ್ದ. ಮೂರನೆಯ ದಿನ ಬೆಳಗಿನ ಬಿಸಿಲಿಗೆ ಓರೆಯಾಗಿ ನೋಡಿದರೆ ಪ್ರತಿ ಬೋಲ್ಟಿನ ಸುತ್ತ ಬೆಳ್ಳಿ ಕೂದಲೆಳೆಯಂಥ ಗೆರೆಗಳು, ಸೂರ್ಯನ ಚಿತ್ರ ಬರೆದಂತೆ ಸುತ್ತಲೂ ಚಾಚಿಕೊಂಡಿದ್ದವು. ಬೆರಳಾಡಿಸಿದರೆ ಮೇಲ್ಮೈ ನುಣುಪಾಗಿಯೇ ಇತ್ತು, ಗೆರೆ ಇದ್ದದ್ದು ಒಳಗೆ. ತಿಂಗಳೊಪ್ಪತ್ತಿನಲ್ಲಿ ಅವುಗಳಲ್ಲಿ ಒಂದು ಅಂಚಿನವರೆಗೂ ಓಡಿ ಸೀಳಾಯಿತು.

ಇದಕ್ಕೆ ಎರಡು ಸೇರಬೇಕು. ಮೊದಲನೆಯದು ಒಳಗಿನ ಬಿಗಿತ. ಎರಡೂ ಪ್ಲಾಸ್ಟಿಕ್‌ಗಳು ಬಿಸಿಗೆ ಲೋಹಕ್ಕಿಂತ ಬಹಳ ಹೆಚ್ಚು ಹಿಗ್ಗುತ್ತವೆ: ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 70 ಭಾಗ, ಅಂದರೆ ಉಕ್ಕಿನ ಆರು ಪಟ್ಟು. ಚಳಿಗಾಲದ ಬೆಳಗಿನ 15 ಡಿಗ್ರಿಯಿಂದ ಬಿಸಿಲಿನಲ್ಲಿ ಕಾದ 50 ಡಿಗ್ರಿಯವರೆಗೆ ಹೋದರೆ 50 ಸೆಂ.ಮೀ. ಅಗಲದ ವಿಂಡ್‌ಶೀಲ್ಡ್ 1.2 ಮಿ.ಮೀ.ನಷ್ಟು ಹಿಗ್ಗುತ್ತದೆ. ತೂತು ಬೋಲ್ಟಿನಷ್ಟೇ ಅಗಲವಿದ್ದು, ನಡುವೆ ರಬ್ಬರ್ ಬುಷ್ ಇಲ್ಲದೆ ಸ್ಪ್ಯಾನರ್ ಹಾಕಿ ಬಿಗಿದಿದ್ದರೆ, ಆ 1.2 ಮಿ.ಮೀ. ಹೋಗುವುದಾದರೂ ಎಲ್ಲಿಗೆ? ತೂತಿನ ಅಂಚಿನ ಮೇಲೆಯೇ ಒತ್ತಡವಾಗಿ ಕೂರುತ್ತದೆ. ಎರಡನೆಯದು ದ್ರಾವಕ. ಬಿಗಿತವಿರುವ ಜಾಗಕ್ಕೆ ಪೆಟ್ರೋಲ್, ಥಿನ್ನರ್, ಬ್ರೇಕ್ ಆಯಿಲ್, ಅಮೋನಿಯ ಇರುವ ಗಾಜು ಒರೆಸುವ ದ್ರವ, ಇವುಗಳಲ್ಲಿ ಯಾವುದಾದರೂ ತಾಗಿದರೆ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಗಳ ನಡುವೆ ಅದು ನುಸುಳಿ ಅವುಗಳ ಹಿಡಿತವನ್ನು ಸಡಿಲಿಸುತ್ತದೆ. ಸ್ಪಿರಿಟ್ಟು, ಸ್ಯಾನಿಟೈಸರುಗಳನ್ನೂ ಅಕ್ರಿಲಿಕ್ಕಿನ ಹತ್ತಿರ ತರಬಾರದು. ಬರೀ ಬಿಗಿತವನ್ನು ಅದು ವರ್ಷಗಟ್ಟಲೆ ಸಹಿಸೀತು, ಎರಡೂ ಕೂಡಿದರೆ ವಾರವೂ ಬೇಕಾಗುವುದಿಲ್ಲ.

ಇಲ್ಲಿ ಪಾಲಿಕಾರ್ಬೊನೇಟ್ ಕೊಂಡವರು ಬೀಗುವಂತಿಲ್ಲ. ಪೆಟ್ಟಿಗೆ ಬಗ್ಗದ ಆ ವಸ್ತು ದ್ರಾವಕಕ್ಕೆ ಅಷ್ಟೇ ಅಂಜುತ್ತದೆ, ಕ್ಷಾರಕ್ಕಂತೂ ಅಕ್ರಿಲಿಕ್ಕಿಗಿಂತ ಹೆಚ್ಚಾಗಿ. ನಟ್ಟು ಅಲುಗಿ ಸಡಿಲಾಗದಿರಲೆಂದು ಮೆಕ್ಯಾನಿಕರು ಎಳೆಗಳಿಗೆ ಬಿಡುವ ನೀಲಿ ಅಥವಾ ಕೆಂಪು ಲಾಕಿಂಗ್ ದ್ರವದ ಒಂದು ಹನಿ ಹರಿದು ಬಂದು ತೂತಿನ ಅಂಚಿಗೆ ಮುಟ್ಟಿದರೂ ಪಾಲಿಕಾರ್ಬೊನೇಟ್ ಸೀಳು ಬಿಡುತ್ತದೆ. ಅದರ ಬದಲು ನೈಲಾನ್ ಕೂಡಿಸಿದ ಲಾಕ್ ನಟ್ಟನ್ನು ಬಳಸಲು ಹೇಳಿ. ಹೊಸದನ್ನು ಕೂಡಿಸುವಾಗ ತೂತು ಬೋಲ್ಟಿಗಿಂತ ಒಂದೆರಡು ಮಿ.ಮೀ. ಅಗಲವಿರಲಿ, ಎರಡೂ ಬದಿಗೆ ರಬ್ಬರ್ ಅಥವಾ ನೈಲಾನ್ ವಾಷರ್ ಇರಲಿ, ಬೆರಳಿನಿಂದ ತಿರುಗಿಸಿ ನಿಂತ ಮೇಲೆ ಕಾಲು ಸುತ್ತಿಗಿಂತ ಹೆಚ್ಚು ಬಿಗಿಯುವುದು ಬೇಡ. ಎದುರಿಗೆ ನಿಂತು ಮಾಡಿಸಿ. ಸರ್ವಿಸಿಂಗಿಗೆ ಬಿಡುವಾಗ ವಿಂಡ್‌ಶೀಲ್ಡನ್ನು ಮುಟ್ಟಬೇಡಿರೆಂದು ಒಂದು ಮಾತು ಹೇಳಿ ಬರುವುದನ್ನು ನಾನೀಗ ರೂಢಿಸಿಕೊಂಡಿದ್ದೇನೆ.

ನಿಮ್ಮ ಕೊನೆಯ ಪ್ರಶ್ನೆಗೆ: ಬಿಸಿಲೊಂದರಿಂದಲೇ ಸೀಳು ಬರುವುದಿಲ್ಲ, ಕರಗುವ ಭಯವಂತೂ ಬೇಡ. ಅಕ್ರಿಲಿಕ್ ಮೆತ್ತಗಾಗಲು 100 ಡಿಗ್ರಿ ದಾಟಬೇಕು, ಪಾಲಿಕಾರ್ಬೊನೇಟಿಗೆ 145 ಡಿಗ್ರಿಯ ಆಚೆ. ಯಾದಗಿರಿಯ ಬೇಸಿಗೆ ಅಷ್ಟಕ್ಕೆ ಇನ್ನೂ ಹೋಗಿಲ್ಲ.

ಪ್ರಶ್ನೆ: ಕಪ್ಪು ಛಾಯೆಯ, ಅಂದರೆ ಸ್ಮೋಕ್ ಬಣ್ಣದ ವಿಂಡ್‌ಶೀಲ್ಡ್ ಬಿಸಿಲಿಗೆ ಒಳ್ಳೆಯದಲ್ಲವೇ? ಅದರಲ್ಲಿ ಯಾವ ಪ್ಲಾಸ್ಟಿಕ್ ಒಳ್ಳೆಯದು?
— ಓದುಗರು, ಬೀದರ್

ಉತ್ತರ: ಅಂಚಿನ ಮೇಲಿನಿಂದ ನೋಡುವಷ್ಟು ಗಿಡ್ಡವಾಗಿದ್ದರೆ ಬಣ್ಣ ಯಾವುದಾದರೂ ನಡೆಯುತ್ತದೆ, ಗೀರುಗಳೂ ಕಣ್ಣಿಗೆ ಕಡಿಮೆ ಬೀಳುತ್ತವೆ. ಅದರ ಮೂಲಕವೇ ನೋಡಬೇಕಾದ ಎತ್ತರದ್ದಾಗಿದ್ದರೆ ಬೇಡವೇ ಬೇಡ. ರಸ್ತೆಯಲ್ಲಿ ರಾಶಿ ಹಾಕಿದ ತೊಗರಿಯನ್ನೂ ದೀಪವಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರಾಲಿಯನ್ನೂ ರಾತ್ರಿ ಬರಿಗಣ್ಣಿಗೆ ಕಾಣುವುದೇ ಕಷ್ಟ. ಅದರ ಮೇಲೆ ಕಪ್ಪು ಪರದೆ ಬೇರೆ ಏಕೆ? ಬಿಸಿಲಿಗೆ ಎನ್ನುತ್ತೀರಿ, ಆದರೆ ಬಿಸಿಲು ಬೀಳುವುದು ನಿಮ್ಮ ತಲೆ, ಹೆಗಲಿನ ಮೇಲೆ. ವಿಂಡ್‌ಶೀಲ್ಡ್ ಅದಕ್ಕೆ ನೆರಳಾಗುವುದಿಲ್ಲ. ಬಣ್ಣದಿಂದ ಪ್ಲಾಸ್ಟಿಕ್ಕಿನ ಗುಣ ಬದಲಾಗದು.

ಪ್ರಶ್ನೆ: ನಮ್ಮೂರಿನಲ್ಲಿ ಅಂಗಡಿಗಳ ನಾಮಫಲಕ ಮಾಡುವವರು ಅಕ್ರಿಲಿಕ್ ಹಾಳೆಯನ್ನು ಬೇಕಾದ ಆಕಾರಕ್ಕೆ ಕತ್ತರಿಸಿ ಕೊಡುತ್ತಾರೆ. ಗಾಡಿ ನಿಲ್ಲಿಸುವ ಶೆಡ್ಡಿಗೆ ಹಾಕಿದ ಪಾಲಿಕಾರ್ಬೊನೇಟ್ ಹಾಳೆಯ ತುಂಡೂ ಮನೆಯಲ್ಲಿದೆ. ಇವುಗಳಿಂದ ಕಡಿಮೆ ಖರ್ಚಿನಲ್ಲಿ ವಿಂಡ್‌ಶೀಲ್ಡ್ ಮಾಡಿಸಬಹುದೇ?
— ಓದುಗರು, ಸೇಡಂ

ಉತ್ತರ: ಶೆಡ್ಡಿನ ತುಂಡನ್ನು ಶೆಡ್ಡಿಗೇ ಬಿಡಿ. ಟೊಳ್ಳು ಕೋಣೆಗಳಿರುವ ಆ ಹಾಳೆಯ ಮೂಲಕ ಬೆಳಕು ಬರುತ್ತದೆಯೇ ಹೊರತು ನೋಟ ಬರುವುದಿಲ್ಲ. ಟೊಳ್ಳಿಲ್ಲದ ಪಾಲಿಕಾರ್ಬೊನೇಟ್ ಹಾಳೆ ಸಿಕ್ಕರೂ ಒಂದು ಸೂಕ್ಷ್ಮ ಇದೆ: ಅತಿನೇರಳೆ ಕಿರಣ ತಡೆಯುವ ಪದರ ಅನೇಕ ಹಾಳೆಗಳಲ್ಲಿ ಒಂದೇ ಬದಿಗೆ ಇರುತ್ತದೆ, ಅದು ಯಾವ ಬದಿ ಎಂಬುದನ್ನು ಮೇಲೆ ಅಂಟಿಸಿದ ತೆಳು ಕಾಗದದ ಮೇಲೆ ಮುದ್ರಿಸಿರುತ್ತಾರೆ. ಕಾಗದ ಕಿತ್ತ ಮೇಲೆ ಎರಡೂ ಬದಿ ಒಂದೇ. ತಿರುವುಮುರುವಾಗಿ ಕೂಡಿಸಿದರೆ ಹಣ ಕೊಟ್ಟು ಹಳದಿ ತಂದಂತೆ.

ನಾಮಫಲಕದವರ ಅಕ್ರಿಲಿಕ್ಕಿನಿಂದ ಊರೊಳಗೆ ಓಡಾಡುವ ಸ್ಕೂಟರಿಗೆ ಒಂದು ಚಿಕ್ಕ ವಿಂಡ್‌ಶೀಲ್ಡ್ ಮಾಡಿಸಬಹುದು, ನಾನು ಅದನ್ನು ಹಳಿಯುವುದಿಲ್ಲ. ಆದರೆ ಹಾಳೆಯಲ್ಲಿಯೂ ಎರಡು ಬಗೆ ಇವೆ. ಅಚ್ಚಿನಲ್ಲಿ ಎರೆದು ಮಾಡಿದ ಕಾಸ್ಟ್ ಹಾಳೆ ದ್ರಾವಕವನ್ನೂ ಬಿಗಿತವನ್ನೂ ಹೆಚ್ಚು ತಡೆಯುತ್ತದೆ; ಯಂತ್ರದಿಂದ ಒತ್ತಿ ತೆಗೆದ ಎಕ್ಸ್‌ಟ್ರೂಡೆಡ್ ಹಾಳೆ ಅಗ್ಗ, ಬೇಗ ಸೀಳುತ್ತದೆ. ಕಾಸ್ಟ್ ಹಾಳೆಯನ್ನೇ ಕೇಳಿ, ದಪ್ಪ 4 ಮಿ.ಮೀ.ಗಿಂತ ಕಡಿಮೆ ಬೇಡ. ಬಾಗಿಸುವುದಾದರೆ ಒಲೆಯಲ್ಲಿ ಎಲ್ಲ ಕಡೆಗೂ ಒಂದೇ ಸಮನಾಗಿ 150, 160 ಡಿಗ್ರಿಗೆ ಕಾಯಿಸಿ ಬಾಗಿಸಿ ನಿಧಾನ ಆರಿಸಬೇಕು. ತಣ್ಣಗಿರುವಾಗಲೇ ಎಳೆದು ಬಾಗಿಸಿ ಬೋಲ್ಟಿನಿಂದ ಹಿಡಿದಿಟ್ಟರೆ, ಮೇಲೆ ಯಾದಗಿರಿಯವರಿಗೆ ಹೇಳಿದ ಬಿಗಿತವನ್ನು ಹಾಳೆಯ ತುಂಬ ತುಂಬಿಟ್ಟಂತಾಗುತ್ತದೆ. ಕತ್ತರಿಸಿದ ಅಂಚುಗಳನ್ನು ಮರಳುಕಾಗದದಿಂದ ದುಂಡಗೆ ಮಾಡಿಸಿ, ಏಕೆಂದರೆ ಬಿದ್ದಾಗ ನಿಮ್ಮ ಕುತ್ತಿಗೆಗೆ ಮೊದಲು ಎದುರಾಗುವುದು ಅದೇ ಅಂಚು. ತೂತು ಕೊರೆಯುವಾಗ ಕಬ್ಬಿಣಕ್ಕೆ ಬಳಸುವ ಚೂಪಾದ ಬಿಟ್ ಅಕ್ರಿಲಿಕ್ಕಿಗೆ ಕಚ್ಚಿಕೊಂಡು ಚೂರು ಎಬ್ಬಿಸುತ್ತದೆ, ಆದ್ದರಿಂದ ಕಟ್ಟಿಗೆಯ ಹಲಗೆಯ ಮೇಲಿಟ್ಟು ನಿಧಾನ ವೇಗದಲ್ಲಿ ಕೊರೆಯಲು ಹೇಳಿ. ಪಾಲಿಕಾರ್ಬೊನೇಟನ್ನು ಬಾಗಿಸುವ ಕೆಲಸವನ್ನು ಮಾತ್ರ ಊರಲ್ಲಿ ಮಾಡಿಸಬೇಡಿ. ಅದು ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ. ಮೊದಲು 120 ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸದೆ ಕಾಯಿಸಿದರೆ ಒಳಗೆಲ್ಲ ಸಾಬೂದಾಣಿಯಂತೆ ಗುಳ್ಳೆ ಏಳುತ್ತವೆ.

ಪ್ರಶ್ನೆ: ಅಂಗಡಿಯವರೇ ತಪ್ಪು ಹೇಳಿದರೆ, ಕೈಯಲ್ಲಿರುವುದು ಅಕ್ರಿಲಿಕ್ಕೋ ಪಾಲಿಕಾರ್ಬೊನೇಟೋ ಎಂದು ನಾವೇ ತಿಳಿಯುವುದು ಹೇಗೆ?
— ಓದುಗರು, ಬಸವಕಲ್ಯಾಣ

ಉತ್ತರ: ತೂಕದಿಂದ ತಿಳಿಯುವುದಿಲ್ಲ, ಎರಡರ ಸಾಂದ್ರತೆಯೂ ನೀರಿನ ಸುಮಾರು 1.2 ಪಟ್ಟು. ಕಿವಿಯಿಂದ ತಿಳಿಯಬಹುದು. ಒಂದು ಮೂಲೆಯನ್ನು ಎರಡು ಬೆರಳಲ್ಲಿ ತೂಗಾಡುವಂತೆ ಹಿಡಿದು ಗೆಣ್ಣಿನಿಂದ ಬಡಿಯಿರಿ: ಅಕ್ರಿಲಿಕ್ ಟಣ್ಣೆಂದು ಸ್ಪಷ್ಟವಾಗಿ ನುಡಿಯುತ್ತದೆ, ಪಾಲಿಕಾರ್ಬೊನೇಟ್ ಧಪ್ಪೆಂದು ಮಂಕಾಗಿ. ಒಂದೇ ದಪ್ಪದ ಎರಡನ್ನು ಪಕ್ಕಪಕ್ಕ ಹಿಡಿದು ಮೆಲ್ಲಗೆ ಬಾಗಿಸಿದರೆ ಅಕ್ರಿಲಿಕ್ ಬಿರುಸಾಗಿ ಎದುರೊತ್ತುತ್ತದೆ, ಪಾಲಿಕಾರ್ಬೊನೇಟ್ ಬಳುಕುತ್ತದೆ. ಒಂದನ್ನೇ ಕೈಯಲ್ಲಿ ಹಿಡಿದು ಹೇಳುವುದು ಅನುಭವಸ್ಥರಿಗೂ ಕಷ್ಟವಾದ್ದರಿಂದ, ಗೊತ್ತಿರುವ ಅಕ್ರಿಲಿಕ್ ತುಂಡೊಂದನ್ನು ನಾಮಫಲಕದ ಅಂಗಡಿಯಿಂದ ಕೇಳಿ ಇಸಿದುಕೊಂಡು ಹೋಗಿ.

ತೂತು ಕೊರೆದೇ ಕೂಡಿಸುವ ಬಗೆಯದಾಗಿದ್ದರೆ ಡ್ರಿಲ್ಲಿನ ಬುಡದಲ್ಲಿ ಬಿದ್ದ ಹೊಟ್ಟನ್ನು ನೋಡಿ. ಅಕ್ರಿಲಿಕ್ಕಿನದು ಪುಡಿಪುಡಿಯಾಗಿ, ಚೂರುಚೂರಾಗಿ ಬೀಳುತ್ತದೆ. ಪಾಲಿಕಾರ್ಬೊನೇಟಿನದು ಬಡಗಿಯ ತೋಪಡಾದಿಂದ ಬಂದ ಸುರುಳಿಯಂತೆ ಉದ್ದಕ್ಕೆ ಎಳೆದುಕೊಂಡು ಬರುತ್ತದೆ. ಇನ್ನೂ ಅನುಮಾನವಿದ್ದರೆ ಆ ಹೊಟ್ಟಿನ ಒಂದು ಚಿಟಿಕೆಯನ್ನು ಅಂಗಡಿಯ ಹೊರಗೆ ಚಿಮಟಿಗೆಯಲ್ಲಿ ಹಿಡಿದು ಕಡ್ಡಿ ಗೀರಿ ಹಚ್ಚಿ. ಚಟಚಟ ಸದ್ದಿನೊಂದಿಗೆ, ಹೆಚ್ಚು ಹೊಗೆಯಿಲ್ಲದೆ, ಹಣ್ಣಿನಂಥ ಸಿಹಿ ವಾಸನೆಯಲ್ಲಿ ಕೊನೆಯವರೆಗೂ ಉರಿದರೆ ಅಕ್ರಿಲಿಕ್. ಕಪ್ಪು ಮಸಿ ಹಾರಿಸಿ, ಕರಕಲಾಗಿ, ಕಡ್ಡಿ ಸರಿಸಿದ ಮೇಲೆ ತಾನೇ ಆರಿದರೆ ಪಾಲಿಕಾರ್ಬೊನೇಟ್. ಹೊಗೆಗೆ ಮುಖ ಒಡ್ಡಬೇಡಿ, ಪೆಟ್ರೋಲ್ ಟ್ಯಾಂಕಿನ ಹತ್ತಿರವೂ ಈ ಪರೀಕ್ಷೆ ಬೇಡ. ಹಾರ್ಡ್ ಕೋಟ್ ಇದೆಯೋ ಇಲ್ಲವೋ ಎಂಬುದು ಮಾತ್ರ ಇವುಗಳಲ್ಲಿ ಯಾವುದರಿಂದಲೂ ತಿಳಿಯದು. ಅದಕ್ಕೆ ಡಬ್ಬದ ಮೇಲಿನ ಬರಹವನ್ನೇ ಓದಬೇಕು, ಬಿಲ್ಲಿನಲ್ಲಿಯೂ ಅದನ್ನೇ ಬರೆಸಿಕೊಳ್ಳಬೇಕು.